ಗಾಡಿಯ ಕೈ ಬೇಯಿಸಿದ ತೊಮಿಯೆ

ನಮ್ಮ ಬೀದಿಯ ಜಂಬದ ಕೋಳಿ ಯಾರು ಎಂದು ಯಾರನ್ನು ಕೇಳಿದರೂ ಬೆರಳು ನನ್ನ ಪಕ್ಕದ ಅಂಗಡಿಯತ್ತಲೇ ತಿರುಗುತ್ತದೆ. ಅದು ಮೊಚಿಜುಕಿ ತೊಮಿಯೆಯ ಓದೆನ್ ಅಂಗಡಿ. ಕಡ್ಡಿಗೆ ಚುಚ್ಚಿದ ಮೂಲಂಗಿ, ಮೊಟ್ಟೆ, ಮೀನಿನ ವಡೆ ಬೆಳಗಿನಿಂದ ಕಪ್ಪು ಸಾರಿನಲ್ಲಿ ಕುದಿಯುತ್ತಿರುತ್ತವೆ. ಜೊತೆಗೆ ಅವಳ ಬಾಯಿ. ಇಡೀ ಶಿಜುವೊಕಾದಲ್ಲಿ ತನ್ನ ಸಾರಿಗೆ ಸರಿಸಾಟಿ ಇಲ್ಲ ಎಂದು ಅವಳು ಶುರು ಮಾಡಿದರೆ ಹೌದು ಅಂದುಬಿಡಬೇಕು. ಅದು ನಿಜವೂ ಹೌದು, ಆ ಮಾತು ಬೇರೆ.

ನಾನು ಕ್ಷೌರದವನು. ತಲೆ ತಗ್ಗಿಸಿ, ನಯವಾಗಿ, "ನನ್ನದೇನು ದೊಡ್ಡದು ಬಿಡಿ" ಅನ್ನುತ್ತಲೇ ತಮ್ಮ ತುತ್ತೂರಿ ಊದಿಕೊಳ್ಳುವವರನ್ನು ದಿನವೂ ಕುರ್ಚಿಯಲ್ಲಿ ಕೂರಿಸಿಕೊಳ್ಳುತ್ತೇನೆ. ಅವರಿಗಿಂತ ತೊಮಿಯೆ ಎಷ್ಟೋ ವಾಸಿ. ತನ್ನ ಕೈಯಾರೆ ಮಾಡಿದ್ದನ್ನು ಮಾತ್ರ ಅವಳು ಹೊಗಳಿಕೊಳ್ಳುತ್ತಾಳೆ, ಅದನ್ನೂ ಬೀದಿಗೆಲ್ಲ ಕೇಳುವಂತೆ. ಹುಟ್ಟಿದ್ದು ಯಾಯಿಜು ಬಂದರಿನಲ್ಲಿ, ಮೀನು ಒಣಗಿಸುವವರ ಮನೆಯಲ್ಲಿ. ಸಮುದ್ರದ ಗಾಳಿಯನ್ನು ಮೀರಿಸಿ ಕೂಗದಿದ್ದರೆ ಅಲ್ಲಿ ಊಟವೂ ಸಿಗುತ್ತಿರಲಿಲ್ಲವಂತೆ. ಗಂಡ ಕತ್ಸುಮಿ ಸಿಟಿ ಬಸ್ಸಿನ ಡ್ರೈವರ್. ಮನೆಯಲ್ಲಿ ಒಬ್ಬರು ಮಾತಾಡಿದರೆ ಸಾಕು ಎಂದು ಮದುವೆಯ ದಿನವೇ ತೀರ್ಮಾನಿಸಿಕೊಂಡ ಮನುಷ್ಯ.

ನಮ್ಮದೊಂದು ಸೋಮವಾರದ ಕ್ಲಬ್ಬಿದೆ. ಸೋಮವಾರ ಅಂಗಡಿ ಮುಚ್ಚುವ ನಾವು ನಾಲ್ಕಾರು ಜನ ಆಬೆ ನದಿಯ ಒಣ ಪಾತ್ರಕ್ಕೆ ಹೋಗಿ ರಿಮೋಟಿನ ಟ್ರಕ್ಕುಗಳನ್ನು ಓಡಿಸುತ್ತೇವೆ. ಮೊಳದುದ್ದದ ಗಾಡಿ, ದಪ್ಪ ದಪ್ಪ ಚಕ್ರ, ಬ್ಯಾಟರಿ ಓಟ. ಗಾಡಿಗಳು ಕಲ್ಲುಗಳ ಮೇಲೆ ಹಾರುತ್ತವೆ, ಬೀಳುತ್ತವೆ, ಮುರಿಯುತ್ತವೆ. ಮುರಿದದ್ದನ್ನು ತಂದು ಸಂಜೆ ತೊಮಿಯೆಯ ಅಂಗಡಿಯಲ್ಲಿ ಕೂತು ಕಡ್ಡಿ ಚೀಪುತ್ತ ದುಃಖ ತೋಡಿಕೊಳ್ಳುತ್ತೇವೆ. ವರ್ಷಗಟ್ಟಲೆ ಈ ಗೋಳು ಕೇಳಿದ ಮೇಲೆ ಒಂದು ಸಂಜೆ ಅವಳು ಸೌಟು ಕೆಳಗಿಟ್ಟಳು.

"ಆ ರಿಮೋಟ್ ಕೊಡ್ರಿ ಇಲ್ಲಿ. ನಿಮ್ಮ ಕಥೆ ಕೇಳಿ ಕೇಳಿ ನನ್ನ ಸಾರು ಹುಳಿ ಆಗೋಯ್ತು."

ಮುಂದಿನ ಸೋಮವಾರ ಹಗಲು ಅಂಗಡಿ ಮುಚ್ಚಿ, ಹಳೆಯದೊಂದು ಗಾಡಿ ಕೊಂಡು ಹೊಳೆಗೆ ಬಂದಳು. ಓಡಿಸುವುದು ಅವಳಿಗೆ ಬೇಗ ಕೈಹತ್ತಿತು. ಗಾಡಿ ಮಾತ್ರ ಮುರಿಯುತ್ತಲೇ ಇತ್ತು.

ಕ್ಲಬ್ಬಿನ ಅಧ್ಯಕ್ಷ ಅಮಾನೊ, ತತಾಮಿ ಚಾಪೆ ಹೊಲಿಯುವವನು. ನೆಟ್ಟಗೆ ಕೂರುತ್ತಾನೆ, ನೆಟ್ಟಗೆ ಮಾತಾಡುತ್ತಾನೆ, ಚಾಪೆಯ ಅಂಚಿನ ಹಾಗೆ ಒಂದೆಳೆ ಆಚೆ ಈಚೆ ಆಗಬಾರದು. ವಸಂತದಲ್ಲಿ ನಗರದ ಎಲ್ಲ ಕ್ಲಬ್ಬುಗಳ ಕೂಟ ನಡೆಯುತ್ತದೆ. ನಮ್ಮಿಂದ ಇಬ್ಬರು ಓಡಿಸಬಹುದು. ಪ್ರತಿ ಸಲ ಹೋಗುತ್ತಿದ್ದವರು ಅಮಾನೊ ಮತ್ತು ಸೈಕಲ್ ರಿಪೇರಿಯ ಕೊಯಿಕೆ. ತೊಮಿಯೆ ಸೇರಿದ ವರ್ಷ ಅಮಾನೊ ಹೊಸ ನಿಯಮ ತಂದ. ಚಳಿಗಾಲದಲ್ಲಿ ಅರ್ಧ ಗಂಟೆಯ ಪರೀಕ್ಷೆಯ ಓಟ. ಒಂದು ಭಾಗವನ್ನೂ ಬದಲಿಸದೆ ಕೊನೆಯವರೆಗೆ ಓಡಿದ ಗಾಡಿಗಳ ಪೈಕಿ ಮುಂದಿರುವ ಇಬ್ಬರಿಗಷ್ಟೇ ನಗರದ ಓಟ. ಆ ನಿಯಮ ಯಾರಿಗಾಗಿ ಹುಟ್ಟಿತೆಂದು ನಮಗೆಲ್ಲ ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ, ನಮ್ಮೂರಿನ ಮರ್ಯಾದೆ ಅಂಥದ್ದು.

ಮೊದಲ ಚಳಿಗಾಲದಲ್ಲಿ ಅವಳ ಗಾಡಿಯ ಮುಂದಿನ ಆರ್ಮ್ ಮುರಿಯಿತು. ಚಕ್ರವನ್ನು ಹಿಡಿದುಕೊಂಡಿರುವ ಕೈ ಅದು, ಕಪ್ಪು ನೈಲಾನಿನದು. ಕಡ್ಡಿ ಮುರಿದಂತೆ ಟಪ್ಪೆಂದಿತು.

"ಆ ಕಲ್ಲು ಹೋದ ವಾರ ಅಲ್ಲಿರ್ಲಿಲ್ಲ!" ಎಂದು ತೊಮಿಯೆ ಕಿರುಚಿದಳು.

"ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಲಂತೆ," ಅಂದ ಅಮಾನೊ, ನಮ್ಮಲ್ಲಿ ಹೆಸರಿಗೆ ಸೇರಿಸುವ ಗೌರವದ 'ಸಾನ್' ಮಾತ್ರ ಬಿಡದೆ. "ಹೋಗ್ಲಿ ಬಿಡಿ ತೊಮಿಯೆ ಸಾನ್. ನಗರದ ಕೂಟಕ್ಕೆ ನೀವು ಓದೆನ್ ತಗೊಂಡು ಬನ್ನಿ, ಎಲ್ರೂ ಖುಷಿ ಪಡ್ತಾರೆ."

ಅವಳು ಓದೆನ್ ಹೊತ್ತು ಹೋದಳು. ಪಾತ್ರೆ ಖಾಲಿಯಾಯಿತು, ಎಲ್ಲರೂ ಹೊಗಳಿದರು. ಅವಳು ಅವತ್ತು ತನ್ನ ಸಾರನ್ನು ತಾನೇ ಒಮ್ಮೆಯೂ ಹೊಗಳಿಕೊಳ್ಳದೆ ಮನೆಗೆ ಬಂದಳು.

ಆಮೇಲೆ ಅವಳು ಮಾಡಿದ್ದು ನಮ್ಮಂಥ ಹುಚ್ಚರೆಲ್ಲ ಒಮ್ಮೆಯಾದರೂ ಮಾಡುವ ತಪ್ಪು. ಮುರಿದ ಜಾಗಕ್ಕೆ ಲೋಹ. ನಾಲ್ಕೂ ಆರ್ಮ್‌ಗಳು ಅಲ್ಯೂಮಿನಿಯಮ್ಮಿನವು ಬಂದವು, ನೀಲಿ ಬಣ್ಣ, ಕನ್ನಡಿಯಂಥ ಹೊಳಪು. ಅವನ್ನು ನನ್ನ ಅಂಗಡಿಗೆ ತಂದು, ಗಿರಾಕಿಯ ಮುಖದ ಮೇಲೆ ಸೋಪಿನ ನೊರೆ ಇರುವಾಗಲೇ ಅವನ ಮೂಗಿನ ಮುಂದೆ ಹಿಡಿದಳು.

"ನೋಡ್ರಿ ಕಟಿಂಗ್ ಅಂಗಡಿ ಸಾನ್! ಇನ್ಮೇಲೆ ಕಲ್ಲೇ ಒಡೀಬೇಕು!"

ಕಲ್ಲು ಒಡೆಯಲಿಲ್ಲ. ಎರಡನೆಯ ಚಳಿಗಾಲದಲ್ಲಿ ಆರ್ಮ್‌ಗಳಿಗೆ ಒಂದು ಗೀರೂ ಬೀಳಲಿಲ್ಲ, ಅವು ಕೂತಿದ್ದ ಗೇರ್‌ಬಾಕ್ಸ್ ಎರಡು ಹೋಳಾಯಿತು. ಅದಕ್ಕೂ ಲೋಹದ ಕವಚ ಹಾಕಿಸಿದಳು, ಒಳಗಿನ ಗೇರುಗಳು ಉಕ್ಕಿನವಾದವು, ಆಕ್ಸೆಲ್ ದಪ್ಪಗಾಯಿತು. ಮೂರನೆಯ ಚಳಿಗಾಲದಲ್ಲಿ ಗಾಡಿಯ ತಳವೇ ಸೀಳಿತು. ಅಮಾನೊ ಬಗ್ಗಿ ನೋಡಿ, "ತುಂಬಾ ಗಟ್ಟಿಯಾಗಿತ್ತು ಪಾಪ," ಅಂದ. ಅವನ ಗಾಡಿಯಲ್ಲೂ ತಳವೊಂದು ಬಿಟ್ಟರೆ ಉಳಿದದ್ದೆಲ್ಲ ಲೋಹವೇ. ಆದರೆ ಅವನು ಕಲ್ಲು ಕಂಡರೆ ಸುತ್ತಿ ಹೋಗುವವನು, ಅವಳು ಹಾರುವವಳು.

ಆ ವಾರ ಅವಳು ಒಡೆದ ತಳವನ್ನು ತಂದು ನನ್ನ ಕನ್ನಡಿಯ ಮುಂದೆ ಇಟ್ಟಳು.

"ಏಟು ಎಲ್ಲೋ ಒಂದ್ಕಡೆ ಹೋಗ್ಲೇಬೇಕು ಕಣ್ರಿ," ಅಂದಳು. "ಕೈ ಬಗ್ಗಲ್ಲ ಅಂದ್ರೆ ಹೊಟ್ಟೆಗೆ ಹೋಗತ್ತೆ. ಹೊಟ್ಟೆ ಗಟ್ಟಿ ಮಾಡಿದ್ರೆ ಬೆನ್ನಿಗೆ ಹೋಗತ್ತೆ. ನಾನೇ ಏಟನ್ನ ಒಳಗೆ ಕರ್ಕೊಂಡು ಹೋಗಿ ಕೂರಿಸಿದೀನಿ."

"ಹಾಗಾದ್ರೆ ಮತ್ತೆ ನೈಲಾನ್ ಹಾಕಿ."

"ಅದು ಮುರಿಯತ್ತಲ್ಲ!" ಎಂದು ರೇಗಿದವಳು ಹಾಗೇ ನಿಂತಳು. "ಒಂದ್ ನಿಮಿಷ. ಆ ನೈಲಾನ್ ಇದ್ದ ವರ್ಷ ಮಳೆಗಾಲದಲ್ಲಿ ನನ್ನ ಗಾಡಿ ಎಷ್ಟು ಸಲ ಬಿದ್ದಿಲ್ಲ? ಆಗ ಕೈ ಮುರೀತಾ? ಇಲ್ಲ! ಚಳಿಗಾಲದಲ್ಲಿ, ಈ ಹಾಳು ಒಣಗಾಳಿ ಬೀಸೋವಾಗ್ಲೇ ಟಪ್ ಅನ್ನೋದು."

ಅವಳು ತನ್ನ ಅಂಗಡಿಗೆ ಓಡಿ, ಸಾರಿಗೆ ಹಾಕುವ ಕಡಲಪಾಚಿಯ ಎರಡು ತುಂಡು ತಂದಳು, ಒಂದು ಒಣಗಿದ್ದು, ಒಂದು ನೆನೆದದ್ದು. ಒಣಗಿದ್ದನ್ನು ಬಗ್ಗಿಸಿದಳು, ಮುರಿಯಿತು. ನೆನೆದದ್ದನ್ನು ಬೆರಳಿಗೆ ಸುತ್ತಿ ತೋರಿಸಿದಳು. ಆಮೇಲೆ ನನ್ನನ್ನು ಪೆದ್ದನ ಹಾಗೆ ನೋಡಿದಳು.

"ನೀರು ಕುಡಿದಿರೋದು ಬಾಗತ್ತೆ ಕಣ್ರಿ!"

ಹೀಗೆ ತೊಮಿಯೆ ಗಾಡಿಯ ಕೈಗಳನ್ನು ಬೇಯಿಸತೊಡಗಿದಳು. ಹೊಸ ನೈಲಾನ್ ಆರ್ಮ್ ತಂದು, ಹಳೆಯದೊಂದು ಪಾತ್ರೆಯಲ್ಲಿ ಕುದಿಸಿ, ಅದೇ ನೀರಿನಲ್ಲಿ ಆರಲು ಬಿಟ್ಟು, ಒದ್ದೆ ಬಟ್ಟೆಯಲ್ಲಿ ಸುತ್ತಿಡುವುದು. ಕಡಿಮೆ ಕುದಿಸಿದವು ಮುರಿದವು, ಅತಿಯಾಗಿ ಕುದಿಸಿದವು ಸೊಟ್ಟಗಾಗಿ ಚಕ್ರ ಅಡ್ಡಡ್ಡ ಓಡಿತು. ಒಳಗಿನ ಲೋಹದ ಗೇರು, ಲೋಹದ ಕವಚ, ದಪ್ಪ ಆಕ್ಸೆಲ್ ಇದ್ದಲ್ಲೇ ಇದ್ದವು. ತಿರುಗುವುದೆಲ್ಲ ಗಟ್ಟಿ, ಏಟು ತಿನ್ನುವುದೆಲ್ಲ ಮೆತ್ತಗೆ. ಇದನ್ನು ಬೇರೆ ಊರಿನ ಗಾಡಿಯವರೂ ಬಲ್ಲರೆಂದು ಆಮೇಲೆ ತಿಳಿಯಿತು. ಇರಲಿ, ನಮ್ಮ ತೊಮಿಯೆಗೆ ಅವರು ಯಾರೂ ಹೇಳಿಕೊಟ್ಟಿರಲಿಲ್ಲ.

ಬೀದಿಯಲ್ಲಿ ಮಾತ್ರ ಬೇರೆಯದೇ ಸುದ್ದಿ ಹಬ್ಬಿತು. ಗಾಡಿಯ ಭಾಗಗಳು ಓದೆನ್ ಸಾರಿನಲ್ಲೇ ಬೇಯುತ್ತಿವೆಯಂತೆ! ಕೊಯಿಕೆ ಮೂಲಂಗಿಯನ್ನು ಮೂಸಿ ನೋಡಿ ತಿನ್ನತೊಡಗಿದ. ತೊಮಿಯೆ ಅವನ ತಟ್ಟೆ ಕಿತ್ತುಕೊಂಡಳು.

"ಗ್ರೀಸ್ ವಾಸನೆ ನಿನ್ನ ಕೈದು ಕಣೋ! ಮೊದ್ಲು ಕೈ ತೊಳ್ಕೊಂಡು ಬಾ!"

ನಾಲ್ಕನೆಯ ಚಳಿಗಾಲದ ಪರೀಕ್ಷೆಯ ಬೆಳಿಗ್ಗೆ ಹೊಳೆದಂಡೆಯಲ್ಲಿ ಗಾಳಿ ಚರ್ಮ ಬಿರಿಯುವಷ್ಟು ಒಣಗಿತ್ತು. ತೊಮಿಯೆ ಒದ್ದೆ ಬಟ್ಟೆ ಬಿಚ್ಚಿ ಆರ್ಮ್‌ಗಳನ್ನು ಜೋಡಿಸುತ್ತಿದ್ದಳು, ಸ್ಕ್ರೂ ಎರಡು ಸಲ ಕೈಜಾರಿ ಬಿತ್ತು. ಚಳಿಗೋ ಎಂದು ಕೇಳಿದೆ.

"ಚಳಿ ಅಲ್ಲ, ಹೆದರಿಕೆ," ಅಂದಳು ನೇರವಾಗಿ. "ಈ ಸಲಾನೂ ಮುರಿದ್ರೆ ಗಾಡಿ ಕೊಟ್ಬಿಡ್ತೀನಿ. ಓದೆನ್ ಹೊರೋಕೆ ಮಾತ್ರ ನಾನು ಬೇಕು ಅಂದ್ರೆ ಈ ಹೊಳೆಗೆ ಮತ್ತೆ ಬರಲ್ಲ."

ಅಮಾನೊ ಬಂದು ಕಪ್ಪು ಕೈಗಳನ್ನು ನೋಡಿದ. "ಏನ್ ತೊಮಿಯೆ ಸಾನ್, ಮತ್ತೆ ಪ್ಲಾಸ್ಟಿಕ್ಕಿಗೆ ಇಳಿದ್ರಾ? ಚೆನ್ನಾಗಿ ಬೆಂದಿದ್ಯಾ? ಉಪ್ಪು ಸಾಕಾ?"

"ಕಚ್ಚಿ ನೋಡಿ. ಹಲ್ಲು ಸ್ವಂತದ್ದಾ ಕಟ್ಟಿಸಿದ್ದಾ, ಅದೊಂದು ಹೇಳಿ."

ಓಟದಲ್ಲಿ ಇಲ್ಲದವರು ತಿರುವುಗಳಲ್ಲಿ ನಿಂತು ಮಗುಚಿದ ಗಾಡಿಗಳನ್ನು ಎತ್ತಿ ನಿಲ್ಲಿಸಬೇಕು, ಅದು ಎಲ್ಲ ಕಡೆಯ ಪದ್ಧತಿ. ನನ್ನ ಗಾಡಿ ಆವತ್ತು ಕೆಟ್ಟಿತ್ತು, ನಾನು ದಿಬ್ಬದ ಆಚೆ ನಿಂತೆ. ಹಾಗಾಗಿ ಎಲ್ಲವನ್ನೂ ಕಣ್ಣಾರೆ ಕಂಡವನು ನಾನೇ.

ಓಟದುದ್ದಕ್ಕೂ ತೊಮಿಯೆ ಅಮಾನೊನ ಬೆನ್ನಿಗೇ ಇದ್ದಳು. ಅವಸರಕ್ಕೆ ಬಿದ್ದ ಅಮಾನೊ ಎಂದೂ ಹಾರದವನು ಆವತ್ತು ದಿಬ್ಬ ಹಾರಿಸಿದ. ಗಾಡಿ ಮೂಗು ಕೆಳಗಾಗಿ ಕಲ್ಲಿನ ಮೇಲೆ ಇಳಿಯಿತು. ಹೊಳೆಯುವ ಆರ್ಮ್ ಬಾಗಲಿಲ್ಲ. ತಾನು ಕೂತಿದ್ದ ತಳದ ತುಂಡನ್ನೇ ಕಿತ್ತುಕೊಂಡು, ಚಕ್ರದ ಸಮೇತ ನನ್ನ ಕಾಲ ಬಳಿ ಬಂದು ಬಿತ್ತು. ಹಿಂದೆಯೇ ಹಾರಿದ ತೊಮಿಯೆಯ ಗಾಡಿ ಆ ಅವಶೇಷಕ್ಕೆ ಡಿಕ್ಕಿ ಹೊಡೆದು ಮಗುಚಿತು. ನಾನು ಓಡಿದೆ. ಮುಂದಿನ ಎಡಗೈ ಒಳಕ್ಕೆ ಮಡಚಿ ಕಲ್ಲಿನ ಸಂದಿಗೆ ಸಿಕ್ಕಿಕೊಂಡಿತ್ತು. ಹೋಯಿತು ಅಂದುಕೊಂಡೆ. ಎತ್ತಿದ ಕೂಡಲೇ ಅದು ಹೊರಕ್ಕೆ ಬಾಗಿ ನೆಟ್ಟಗಾಯಿತು! ಕೆಳಗಿಟ್ಟೆ. ಏನೂ ಆಗಿಲ್ಲವೆಂಬಂತೆ ಓಡಿತು, ಕೊನೆಯವರೆಗೂ ಓಡಿತು. ನಾನು ಆ ದಿಬ್ಬದ ಮೇಲೆ ಒಬ್ಬನೇ ಕುಣಿದೆ, ಯಾರು ನೋಡಿದರೋ ಬಿಟ್ಟರೋ.

ಕೊಯಿಕೆಯ ಗಾಡಿಯೂ ಮುಗಿಸಿತ್ತು. ಅಮಾನೊನದು ಮುಗಿಸಲಿಲ್ಲ. ತಾನು ತೋಡಿದ ಗುಂಡಿಗೆ ತಾನೇ ಬಿದ್ದಿದ್ದ. ಎಲ್ಲರೂ ಅಡ್ಡಗೋಡೆಯ ಮೇಲೆ ದೀಪ ಇಡತೊಡಗಿದರು. "ಅಧ್ಯಕ್ಷರೇ ಇಲ್ದೆ ನಗರದ ಕೂಟಕ್ಕೆ ಹೋಗೋದು ಅಂದ್ರೆ... ಸ್ವಲ್ಪ... ಅದೂ..." ಅಂದ ಕೊಯಿಕೆ, ತೊಮಿಯೆಯ ಮುಖ ನೋಡದೆ. ಅವಳು ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಡಲಿ ಎಂದು ಎಲ್ಲರ ಆಸೆ.

ಅವಳು ಬಿಟ್ಟುಕೊಡಲಿಲ್ಲ.

"ಮೂರು ವರ್ಷ ಇದೇ ನಿಯಮ ನನ್ನನ್ನ ಮನೆಗೆ ಕಳಿಸ್ತು. ಆಗ ಯಾರೂ 'ಸ್ವಲ್ಪ, ಅದೂ' ಅನ್ಲಿಲ್ಲ. ಈ ಸೀಟು ನಂದು. ದುಡಿದು ತಗೊಂಡಿದೀನಿ."

ಅಮಾನೊ ಕಿತ್ತುಹೋದ ಚಕ್ರವನ್ನು ಚೀಲಕ್ಕೆ ಹಾಕಿಕೊಂಡ. "ನಿಯಮ ನಿಯಮವೇ," ಅಂದು ಸೈಕಲ್ ಹತ್ತಿ ಹೋದ. ಆಮೇಲೆ ಓದೆನ್ ತಿನ್ನಲೂ ಬರಲಿಲ್ಲ, ಕ್ಷೌರಕ್ಕೂ ಬರಲಿಲ್ಲ. ಬೀದಿಯ ಕೆಲವರು ತೊಮಿಯೆಯದೇ ತಪ್ಪು ಅಂದರು. ನಾನು ಅವರ ತಲೆಗೂದಲು ಕತ್ತರಿಸುವಾಗ ಕತ್ತರಿಯನ್ನು ಸ್ವಲ್ಪ ಜೋರಾಗಿಯೇ ಆಡಿಸಿದೆ.

ನಗರದ ಕೂಟದಲ್ಲಿ ಪ್ರತಿ ಕ್ಲಬ್ಬೂ ಗಾಡಿ ಎತ್ತುವವನೊಬ್ಬನನ್ನು ಕೊಡಬೇಕು. ನಾನೇ ಎಂದು ಮಾತಾಗಿತ್ತು. ಬೆಳಿಗ್ಗೆ ಮೈದಾನ ತಲುಪಿದರೆ ಅಮಾನೊ ಆಗಲೇ ಬಂದು, ಎತ್ತುವವರ ಕಿತ್ತಳೆ ಬಣ್ಣದ ಅಂಗಿ ತೊಟ್ಟು ನಿಂತಿದ್ದ. ಕೂದಲು ಕಿವಿಯ ಮೇಲೆ ಇಳಿದಿತ್ತು.

"ಕಟಿಂಗ್ ಅಂಗಡಿ ಸಾನ್‌ಗೆ ಮಂಡಿ ನೋವಂತೆ," ಅಂದ ಯಾರನ್ನೂ ನೋಡದೆ. "ನಾನೇ ನಿಲ್ತೀನಿ."

ನನಗೆ ಯಾವ ಮಂಡಿ ನೋವೂ ಇರಲಿಲ್ಲ. ಆದರೂ ಸುಮ್ಮನೆ ಮಂಡಿ ಉಜ್ಜಿಕೊಂಡೆ.

ಓಟದ ನಡುವೆ ಅತಿ ದೂರದ ತಿರುವಿನಲ್ಲಿ ಎರಡು ಗಾಡಿಗಳು ತೊಮಿಯೆಯ ಗಾಡಿಯನ್ನು ಎರಡೂ ಕಡೆಯಿಂದ ಗುದ್ದಿದವು. ಅದು ಹಾರಿ ಮಣ್ಣಿಗೆ ತಲೆಕೆಳಗಾಗಿ ಬಿತ್ತು. ಎಪ್ಪತ್ತು ದಾಟಿದ ಅಮಾನೊ ಓಡಿದ. ಟೋಪಿ ಹಾರಿಹೋಯಿತು, ಒಮ್ಮೆ ಮುಗ್ಗರಿಸಿ ಎದ್ದ, ಮತ್ತೆ ಓಡಿದ. ಗಾಡಿ ಎತ್ತಿ ನಾಲ್ಕೂ ಕೈಗಳ ಮೇಲೆ ಕಣ್ಣಾಡಿಸಿ ನೆಲಕ್ಕಿಟ್ಟ. ಎಂದೂ ದನಿ ಏರಿಸದ ಮನುಷ್ಯ ಇಡೀ ಮೈದಾನಕ್ಕೆ ಕೇಳುವಂತೆ ಕೂಗಿದ.

"ತೊಮಿಯೆ ಸಾನ್! ಒಂದೂ ಮುರಿದಿಲ್ಲ! ಓಡ್ಸಿ, ನಮ್ಮ ಗಾಡಿ ಓಡ್ಸಿ!"

ಅವಳು ಓಡಿಸಿದಳು. ಒಂಬತ್ತನೆಯವಳಾಗಿ ಮುಗಿಸಿದಳು. ಗಾಡಿ ತಂದುಕೊಡಲು ಹೋದ ಅಮಾನೊ ಎಷ್ಟು ಹೊತ್ತಾದರೂ ಬರಲಿಲ್ಲ. ಹುಡುಕಿದರೆ, ಬೇರೆ ಕ್ಲಬ್ಬುಗಳ ಮೇಜಿನಿಂದ ಮೇಜಿಗೆ ಅದನ್ನು ಹೊತ್ತುಕೊಂಡು ಹೋಗಿ, ಕಂಡಕಂಡವರ ಮುಂದೆ ಆ ಕಪ್ಪು ಕೈಗಳನ್ನು ಬಗ್ಗಿಸಿ ತೋರಿಸುತ್ತಿದ್ದ.