ಮೂಗುಬಟ್ಟಿನ ಫೋಕಸ್

ನಮ್ಮ ಭಾವ ಕೋದಂಡಪ್ಪನಿಗೆ ಹಳೇ ಕ್ಯಾಮೆರಾಗಳ ಹುಚ್ಚು. ಉರಿಗಾಂ ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ. ಊರು ಬಿಡುವ ಸಾಹೇಬರ ಬಂಗಲೆಯಲ್ಲಿ ಸಾಮಾನು ಹರಾಜಾದರೆ ಬೇರೆಯವರು ಮಂಚ, ಮೇಜು ನೋಡುತ್ತಿದ್ದರು; ಇವನು ಕೆಟ್ಟ ಕ್ಯಾಮೆರಾ ಹುಡುಕುತ್ತಿದ್ದ. ತಂದು, ಬಿಚ್ಚಿ, ರಿಪೇರಿ ಮಾಡಿ ಬೀರುವಿನಲ್ಲಿ ಸಾಲಾಗಿ ಇಡುತ್ತಿದ್ದ. ಎಪ್ಪತ್ತನಾಲ್ಕರಲ್ಲಿ ಸಿಕ್ಕ ಅಂಗೈಯಗಲದ ಜಪಾನಿನದೊಂದನ್ನು ಮಾತ್ರ ಕೊರಳಿಂದ ಇಳಿಸಲೇ ಇಲ್ಲ.

ಅದರ ಕಿಂಡಿಯಲ್ಲಿ ನೋಡಿದರೆ ನಡುವೆ ಎಲ್ಲವೂ ಎರಡೆರಡಾಗಿ ಕಾಣುತ್ತಿತ್ತು. ಉಂಗುರ ತಿರುಗಿಸಿ ಎರಡನ್ನೂ ಒಂದು ಮಾಡಿದರೆ ಫೋಕಸ್ ಕೂತಂತೆ. ಅದಕ್ಕೆ ಭಾವನಿಗೆ ಹೊಳೆಯುವ ಚುಕ್ಕೆಯೊಂದು ಬೇಕಿತ್ತು. ನನ್ನ ಅಕ್ಕ ಅಮ್ಮಾಜಮ್ಮನ ಬಿಳಿಕಲ್ಲಿನ ಮೂಗುಬಟ್ಟು ಹೇಳಿ ಮಾಡಿಸಿದ ಹಾಗಿತ್ತು. ಮದುವೆ, ನಾಮಕರಣ, ಎಲ್ಲಿಗೆ ಕರೆದರೂ ಅವಳನ್ನು ಕರೆದೊಯ್ದು ಮೊದಲು ನಿಲ್ಲಿಸುತ್ತಿದ್ದ.

“ಆಯ್ತಾ?” ಅನ್ನುವಳು ಅಕ್ಕ.

“ಆಯ್ತು, ಪಕ್ಕಕ್ಕೋಗು. ನೀವು ಬರ್ರಪ್ಪ, ಇವಳು ನಿಂತಿದ್ದ ಜಾಗದಾಗೇ ನಿಂತ್ಕಳಿ.”

ಬೂದಿಕೋಟೆಯಲ್ಲಿ ನನ್ನ ಮದುವೆಯ ದಿನ ಅಕ್ಕ ಹೊಸ ಸೀರೆ ಉಟ್ಟಿದ್ದಳು. ಅವಳ ಮದುವೆಗೆ ಫೋಟೋದವನೇ ಬಂದಿರಲಿಲ್ಲ. “ಇವತ್ತು ನಂದೂ ಒಂದು ತೆಗೀರಿ” ಅಂದಳು.

“ನೀನೆಲ್ಲಿಗೆ ಓಗ್ತೀಯ? ದಿನಾ ಮನೇಲೇ ಇರ್ತೀಯಲ್ಲ. ರೀಲಾಗೆ ಎಲ್ಡೇ ಉಳ್ದವೆ” ಅಂದ ಭಾವ.

ನಾನೂ ನಕ್ಕುಬಿಟ್ಟೆ. ಅವಳು ಒಂದೇ ಹೆಜ್ಜೆ ಸರಿದಳು. ಆ ಜಾಗದಲ್ಲಿ ನಾನೂ ನನ್ನ ಹೆಂಡತಿಯೂ ನಿಂತೆವು.

ಎಂಬತ್ತೇಳರಲ್ಲಿ ಅಕ್ಕ ಮೂರು ದಿನದ ಜ್ವರಕ್ಕೆ ಹೋಗಿಬಿಟ್ಟಳು. ಹನ್ನೊಂದನೆಯ ದಿನ ಹಾರ ಹಾಕಲು ಫೋಟೋ ಬೇಕೆಂದರು. ನಾನೂ ಭಾವನೂ ಹದಿನಾಲ್ಕು ಆಲ್ಬಂ ಹರಡಿಕೊಂಡು ಕೂತೆವು. ಇಡೀ ಉರಿಗಾಂ ಅದರಲ್ಲಿತ್ತು, ಬೇತಮಂಗಲದ ಕೆರೆಯಿತ್ತು, ಯಾವನೋ ಸಾಹೇಬನ ನಾಯಿಯೂ ಇತ್ತು. ಅವಳಿರಲಿಲ್ಲ. ಆ ಕಿಂಡಿಯಲ್ಲಿ ಅವಳಷ್ಟು ಸಲ ಇನ್ಯಾರೂ ಫೋಕಸ್ ಆಗಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಇದಕ್ಕೇ. ಭಾವನನ್ನು ಹಿಗ್ಗಾಮುಗ್ಗಾ ಬೈಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಮದುವೆಯ ಫೋಟೋ ಕಂಡಿತು.

ಕಿಂಡಿಗೆ ಕಾಣದ್ದು ಲೆನ್ಸಿಗೆ ಕಂಡಿತ್ತು. ಅಂಚಿನಲ್ಲಿ ಅಕ್ಕನ ಹೊಸ ಸೀರೆಯ ಸೆರಗು, ನಾಲ್ಕು ಬಳೆ.

ಬದುಕಿರುವವರ ಫೋಟೋಗೆ ಹಾರ ಹಾಕಬಾರದೆಂದರು ಹಿರಿಯರು. ಭಾವ ಕತ್ತರಿ ತಂದು ನಮ್ಮಿಬ್ಬರನ್ನೂ ಕತ್ತರಿಸಿ ತೆಗೆದ. ಉಳಿದ ಎರಡು ಬೆರಳಗಲದ ಚೂರಿಗೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದೆವು. ಮದುವೆಯ ದಿನ ನಗದೆ ನಾನೂ ಅವಳ ಪರ ಒಂದು ಮಾತಾಡಬಹುದಿತ್ತು. ಕಾಲ ಮಿಂಚಿಹೋಗಿತ್ತು.

ಹಾರ ಹಾಕಿದವನು ನಾನೇ. ಸೆರಗೂ ಬಳೆಯೂ ಹೂವಿನಡಿ ಮುಚ್ಚಿಹೋದವು.

“ಹಾರ ಒಸಿ ಪಕ್ಕಕ್ಕೆ ಸರ್ಸ್ಲಾ,” ಅಂದ ಭಾವ, “ಅವಳು ಕಾಣಲ್ಲ.”