ಹಿಗ್ಗುವ ಪಟ್ಟಿ

ವಾಹನ ಎಳೆಯುವ ಆ ಪಟ್ಟಿ ಹಳದಿಯೋ ಕಿತ್ತಳೆಯೋ ಎಂಬುದೇ ಈಗ ಖಚಿತವಿಲ್ಲ. ಅದನ್ನು ಮಾರಿದ ಅಂಗಡಿ ಭದ್ರಾವತಿ ಬಸ್ ನಿಲ್ದಾಣದ ಎದುರಿಗೇ ಇತ್ತೆಂದು ಬರೆಯುವಾಗಲೂ ಕೈ ಹಿಂಜರಿಯುತ್ತದೆ. ಒಂದು ಶನಿವಾರ ಶಿವಮೊಗ್ಗದ ಬಸ್ಸಿಗೆ ಕಾಯುತ್ತ ನಾನು ಅಲ್ಲಿ ಪೆಟ್ಟಿಗೆ ಕಟ್ಟಲು ಹಗ್ಗ ಕೊಳ್ಳುತ್ತಿದ್ದೆ. ಆಗ ಹೆಂಗಸೊಬ್ಬರು ಆಟೊದಿಂದ ಇಳಿದರು. ಶಿವಮೊಗ್ಗದಲ್ಲಿ ಶಾಲೆ ಮಕ್ಕಳನ್ನು ಒಯ್ಯುವ ಅವರ ಹಳೆಯ ವ್ಯಾನು ಹೊಳೆಹೊನ್ನೂರಿನ ಬಳಿ ಗದ್ದೆಯ ಕೆಸರಿನಲ್ಲಿ ಹೂತಿತ್ತು. ಎಳೆಯಲು ಟ್ರಾಕ್ಟರ್ ಸಿಕ್ಕಿತ್ತು, ಕಟ್ಟಲು ಏನೂ ಇರಲಿಲ್ಲ. ಸೋಮವಾರ ವ್ಯಾನು ಬರದಿದ್ದರೆ ಮಕ್ಕಳ ಮನೆಯವರು ಬೇರೆ ಗಾಡಿ ಗೊತ್ತುಮಾಡಿಕೊಳ್ಳುತ್ತಾರೆ ಎಂಬುದು ಅವರ ಚಿಂತೆ.

"ಚೈನ್ ತಗೊಳ್ಳಿ ಅಕ್ಕ, ಲಾರೀನೇ ಎದ್ದು ಬರುತ್ತೆ," ಎಂದ ಅಂಗಡಿಯವ.

"ಬಂಪರ್ ಎದ್ದು ಬರುತ್ತೆ ಮಾರಾಯ, ವ್ಯಾನ್ ಅಲ್ಲೇ ಇರುತ್ತೆ. ಅಡಿಯೆಲ್ಲ ತುಕ್ಕು."

"ಹಾಗಾದ್ರೆ ಇದು. ಜರ್ಕ್ ಹೊಡೆಯಲ್ಲ, ಹಿಗ್ಗುತ್ತೆ," ಎಂದು ಆತ ನೈಲಾನ್ ಪಟ್ಟಿಯೊಂದನ್ನು ತಂದ.

ಎಳೆದರೆ ಹಿಗ್ಗುವುದೆಂದರೆ ಕಳಪೆ ಮಾಲೇ ಇರಬೇಕು ಅಂದುಕೊಂಡೆ. ಆಕೆ ಪಟ್ಟಿಯ ಒಂದು ತುದಿಯನ್ನು ಅಂಗಡಿ ಮುಂದಿನ ಕಲ್ಲುಕಂಬಕ್ಕೂ ಇನ್ನೊಂದನ್ನು ಆಟೊದ ಹಿಂಭಾಗಕ್ಕೂ ಕಟ್ಟಿಸಿದರು.

"ನನ್ನ ಆಟೊ ಎರಡಾದ್ರೆ?" ಎಂದ ಚಾಲಕ.

"ಎರಡು ಆಟೊ ಓನರ್ ಆಗ್ತೀಯ, ಹೊರಡು."

ಆಟೊ ಮುಂದೆ ಹೋಯಿತು. ಪಟ್ಟಿ ಬಿಗಿಯಾದ ಮೇಲೂ ಆಟೊ ಒಂದಿಷ್ಟು ಸರಿದು, ಕುಲುಕದೆ ನಿಂತು, ಮೆಲ್ಲಗೆ ಹಿಂದಕ್ಕೆ ಬಂತು. ಆಕೆಯ ಮುಖದ ಬಿಗಿ ಸಡಿಲವಾಯಿತು.

"ಇದೇ ಸರಿ," ಎಂದು ಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡು, ಶಿವಮೊಗ್ಗಕ್ಕೆ ಹೊರಟವನೆಂದು ಆಗಲೇ ಹೇಳಿದ್ದ ನನ್ನತ್ತ ತಿರುಗಿದರು. "ಸೋಮವಾರ ಬೆಳಿಗ್ಗೆ ಆಲ್ಕೊಳ ಸರ್ಕಲ್‌ನಲ್ಲಿ ನಿಂತಿರಿ ಸಾರ್, ವ್ಯಾನ್ ಮೇಲೆ ಬಂದಿದ್ರೆ ಹಾರನ್ ಹೊಡೀತೀನಿ."

ನಾನು ಭಾನುವಾರವೇ ಶಿವಮೊಗ್ಗ ಬಿಟ್ಟೆ. ವ್ಯಾನು ಮೇಲೆ ಬಂತೋ ಇಲ್ಲವೋ ನನಗೆ ಗೊತ್ತಿಲ್ಲ.