ಕೆರೆ ಏರಿಗೆ ಬೇಕಾದ ಕ್ಲಚ್ಚು

ಬಸ್ತಿಹಳ್ಳಿ ಕಡೆಯ ತೋಟವೊಂದರಿಂದ ತುಂಬಾ ತೆಂಗಿನಕಾಯಿ ಹೇರಿಕೊಂಡು ಬರುವಾಗ ನಮ್ಮ ಪಿಕಪ್ಪು ಕೆರೆ ಏರಿ ಹತ್ತುವ ದಾರಿಯ ನಡುವೆ ನಿಂತುಬಿಟ್ಟಿತು. ಎಂಜಿನ್ನು ಅರಚುತ್ತಲೇ ಇತ್ತು, ಗಾಡಿ ಮಾತ್ರ ಕದಲಲಿಲ್ಲ. ಮಸಿಬಟ್ಟೆಗೆ ಬೆಂಕಿ ತಗುಲಿದಂಥ ವಾಸನೆ ಬಂತು. ಪಕ್ಕದಲ್ಲಿ ಕೂತಿದ್ದ ಮೈದುನ ಕೆಳಗೆ ಹಾರಿ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟ. ಅರ್ಧದಷ್ಟು ಕಾಯಿ ರಸ್ತೆ ಬದಿಗೆ ಇಳಿಸಿದ ಮೇಲೆಯೇ ನಾವು ಏರಿ ದಾಟಿದ್ದು.

ತೋಟದ ಕಾಯಿ ಕೊಂಡು ಅರಸೀಕೆರೆಗೆ ಸಾಗಿಸುವುದು ನಮ್ಮ ಮನೆಯ ಕಸುಬು. ಕಾಯಿ ನೋಡಿ ವ್ಯಾಪಾರ ಮಾತಾಡುವವರು ಯಜಮಾನರು, ಗಾಡಿ ಓಡಿಸುವವಳು ನಾನು. ಆ ಪಿಕಪ್ಪಿನ ಹಿಂದಿನ ಮಾಲೀಕ ಎಂಜಿನ್ನಿನ ಶಕ್ತಿ ಹೆಚ್ಚು ಮಾಡಿಸಿದ್ದ, ಕ್ಲಚ್ಚನ್ನು ಮಾತ್ರ ಹಳೆಯದೇ ಬಿಟ್ಟಿದ್ದ. ಎತ್ತು ಬಲವಾಯಿತು, ನೊಗದ ಹಗ್ಗ ಹಾಗೇ ಉಳಿಯಿತು ಅನ್ನಿ.

ಬಾಣಾವರದ ಗ್ಯಾರೇಜಿನಲ್ಲಿ ಬಿಚ್ಚಿದಾಗ ಕ್ಲಚ್ ಪ್ಲೇಟು ಸೀದ ರೊಟ್ಟಿಯ ಹಾಗಿತ್ತು. ಮೆಕ್ಯಾನಿಕ್ಕು ಬದಲಿಗೆ ಎರಡು ಬಗೆ ತಂದು ಬೆಂಚಿನ ಮೇಲಿಟ್ಟ. ಒಂದರಲ್ಲಿ ತಾಮ್ರ ಬೆರೆಸಿದ ದಪ್ಪ ಬಿಲ್ಲೆಗಳಿದ್ದವು. ಇನ್ನೊಂದು ನೋಡಲು ಹಳೆಯದರಂತೆಯೇ, ಆದರೆ ಅದನ್ನು ಒತ್ತಿ ಹಿಡಿಯುವ ಸ್ಪ್ರಿಂಗು ಬಿಗಿಯಾದದ್ದು.

"ಬಿಲ್ಲೆದು ಹಾಕಿದ್ರೆ ಆನೆ ಕಟ್ಟಿದ್ರೂ ಎಳೀತೈತೆ ಅಕ್ಕಾ. ಆದ್ರೆ ಅರ್ಧ ತುಳ್ದು ತೆವಳಿಸಾಕಾಗಲ್ಲ, ಎಗರ್ತೈತೆ. ಇನ್ನೊಂದು ನಯ. ಆದ್ರೆ ಅದ್ನ ತೆವಳಿಸ್ತಾನೇ ಇದ್ರೆ ಅದೂ ಸುಟ್ಟೋಯ್ತದೆ. ಪೆಡಲ್ಲು ಎರಡ್ರದೂ ಗಟ್ಟಿ."

ಬಿಲ್ಲೆಯದನ್ನು ಹಾಕಿದ ಗಾಡಿಯೊಂದು ಅಂಗಳದಲ್ಲೇ ಇತ್ತು. ಕೇಳಿ ಹತ್ತಿದೆ. ಪೆಡಲ್ಲು ತುಳಿಯುವಾಗ ಎಡಮಂಡಿ ಚುಳ್ ಅಂದಿತು. ಬಿಟ್ಟೊಡನೆ ಗಾಡಿ ಹಗ್ಗ ಬಿಚ್ಚಿದ ಕರುವಿನಂತೆ ನೆಗೆದು ನಿಂತಿತು.

ಮೈದುನ ನಕ್ಕ. "ನೋಡುದ್ರಾ ಅತ್ಗೆ, ಇದು ಗಂಡಸ್ರ ಕಾಲಿಗೆ ಮಾಡಿರಾದು. ಬಿಲ್ಲೆದೇ ಹಾಕ್ಸಿ ಒಬ್ಬ ಡ್ರೈವರ್‌ನ ಇಟ್ಕೊಳ್ಳಾನ. ನೀವು ಮನೇಲಿ ಆರಾಮಾಗಿರಿ."

"ನಿಂದೂ ಗಂಡಸಿನ ಕಾಲೇ ಅಲ್ವೇನಪ್ಪಾ? ಲೈಸೆನ್ಸು ಯಾಕೆ ಇನ್ನೂ ಬಂದಿಲ್ಲ?"

ಮೆಕ್ಯಾನಿಕ್ಕು ಸ್ಪ್ಯಾನರು ಹುಡುಕುವ ನೆಪದಲ್ಲಿ ಆಚೆ ತಿರುಗಿದ. ಮಾತಿಗೆ ಮಾತು ಕೊಟ್ಟೆ, ಸರಿ. ಆದರೆ ಆ ಸೀಟನ್ನು ಒಮ್ಮೆ ಬಿಟ್ಟರೆ ಮತ್ತೆ ಸಿಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಯಜಮಾನರಿಗೆ ಫೋನು ಮಾಡಿದರೆ, "ತುಳಿಯೋದು ನಿನ್ ಕಾಲು, ಅದನ್ನೇ ಕೇಳ್ಕೋ" ಎಂದರು. ಒಂದು ದಿನ ಟೈಮು ಕೇಳಿ ಬಸ್ಸು ಹತ್ತಿ ಮನೆಗೆ ಬಂದೆ.

ಅಂದು ಸೊಪ್ಪು ಬಿಡಿಸುತ್ತ ಕೂತಾಗ ತೋಟದ ಕೆಲಸವೇ ಕಣ್ಣ ಮುಂದೆ ಬಂತು. ನಮ್ಮ ಆಳುಗಳು ಕಾಯಿ ತುಂಬುವಾಗ ಗಾಡಿ ನಿಲ್ಲಬಾರದು. ಮರಕ್ಕೊಂದು ಗುಡ್ಡೆ. ಗಾಡಿ ಸಾಲಿನ ನಡುವೆ ತೆವಳುತ್ತಿರಬೇಕು, ಅವರು ಎರಡೂ ಕಡೆ ನಡೆಯುತ್ತ ಎಸೆಯುತ್ತಿರಬೇಕು. ನಿಂತರೆ ಕೈಯ ಓಟ ಕೆಡುತ್ತದೆ ಅನ್ನುತ್ತಾರೆ. ಹಾಗಾಗಿ ತೋಟದ ಈ ತುದಿಯಿಂದ ಆ ತುದಿಯವರೆಗೂ ನನ್ನ ಕಾಲು ಅರ್ಧ ಕ್ಲಚ್ಚಿನ ಮೇಲೇ. ಪ್ಲೇಟು ಸವೆದದ್ದು ಅಲ್ಲಿ. ಕೆರೆ ಏರಿ ಅದನ್ನು ತೋರಿಸಿಕೊಟ್ಟಿತು, ಅಷ್ಟೇ.

ಮರುದಿನ ಹೋಗಿ ಆ ನಯವಾದ ಎರಡನೆಯದನ್ನೇ ಹಾಕಿಸಿದೆ. "ಇನ್ಮೇಲೆ ತೆವಳ್ಸಲ್ಲ" ಎಂದೆ ಮೆಕ್ಯಾನಿಕ್ಕಿಗೆ. ಸೀಟನ್ನು ಮುಂದಕ್ಕೆ ಎಳೆದು, ಬೆನ್ನಿಗೆ ಹಳೆಯ ಕೌದಿ ಮಡಿಸಿ ಇಟ್ಟುಕೊಂಡೆ. ಪಾದದ ತುದಿಯಲ್ಲಿ ತುಳಿಯದೆ ತೊಡೆಯಿಂದ ಒತ್ತಿದರೆ ಮಂಡಿ ಸುಮ್ಮನಿರುತ್ತಿತ್ತು.

ತೋಟದಲ್ಲಿ ಗುಡ್ಡೆ ಗುಡ್ಡೆಗೂ ನಿಲ್ಲಿಸಿ ನ್ಯೂಟ್ರಲ್ಲಿಗೆ ಹಾಕಿದೆ. ಕಾಯಿ ಎಸೆಯುವ ಹಿರಿಯಾಳು ಸೊಂಟದ ಮೇಲೆ ಕೈಯಿಟ್ಟು ನಿಂತ.

"ಏನಕ್ಕಾ, ಮರಕ್ಕೊಂದು ಸ್ಟಾಪು? ಟಿಕೆಟ್ಟೂ ಕೊಡ್ತೀರಾ?"

"ಕೊಡ್ತೀನಿ. ಮೊದ್ಲು ಕಾಯಿ ಹತ್ಲಿ."

ಗೊಣಗಿದರು, ಹೊತ್ತೂ ಹಿಡಿಯಿತು. ನಾನು ಜಗ್ಗಲಿಲ್ಲ. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಅವರೇ ನಾಲ್ಕು ಮರದ ಕಾಯಿ ಒಂದೇ ಗುಡ್ಡೆಗೆ ಸೇರಿಸತೊಡಗಿದ್ದರು.

ಏರಿಯ ಬುಡಕ್ಕೆ ಬಂದಾಗ ಮೈದುನ ಗಾಡಿ ನಿಲ್ಲಿಸಲು ಹೇಳಿ, ಇಳಿದು ದೊಡ್ಡದೊಂದು ಕಲ್ಲು ಎತ್ತಿಕೊಂಡು ಬಂದು ತೊಡೆಯ ಮೇಲಿಟ್ಟುಕೊಂಡು ಕೂತ. ಬಾಗಿಲ ಹಿಡಿಯ ಮೇಲೆ ಒಂದು ಕೈ. ನಾನು ಫಸ್ಟ್ ಗೇರಿಗೆ ಹಾಕಿ, ಕ್ಲಚ್ಚು ನಿಧಾನ ಬಿಟ್ಟು, ಕಾಲನ್ನು ಪೂರ್ತಿ ಪಕ್ಕಕ್ಕಿಟ್ಟೆ. ಹಿಂದೆ ಕಾಯಿ ಗಡಗಡ ಅಂದವು. ಹೋದ ಸಲ ನಿಂತ ಜಾಗ ಬಂತು, ಹಿಂದಕ್ಕೆ ಹೋಯಿತು. ವಾಸನೆಯಿಲ್ಲ. ಏರಿಯ ಮೇಲೆ ಕೆರೆಯ ಗಾಳಿ ಮುಖಕ್ಕೆ ಹೊಡೆಯಿತು.

ತುಸು ದೂರ ಹೋದ ಮೇಲೆ ಅವನು ಕೇಳಿದ: "ಅತ್ಗೆ, ಈ ಕಲ್ಲನ್ನೇನ್ ಮಾಡ್ಲಿ?"

"ಇಟ್ಕೊಂಡಿರು. ನಮ್ ಗೇಟು ಗಾಳಿಗೆ ಹೊಡ್ಕೊತೈತೆ, ಅದಕ್ಕೆ ಒತ್ತು ಕೊಡೀವಂತೆ."

ಅರಸೀಕೆರೆ ತಲುಪುವವರೆಗೂ ಅದು ಅವನ ತೊಡೆಯ ಮೇಲೇ ಇತ್ತು. ಡ್ರೈವರ್ ಇಟ್ಟುಕೊಳ್ಳುವ ಮಾತು ಆಮೇಲೆ ನಮ್ಮ ಮನೆಯಲ್ಲಿ ಏಳಲಿಲ್ಲ.